ಮೂರು ಕೊಟೇಶನ್, ಮೂರರಲ್ಲೂ ಅದೇ ತಪ್ಪು

ಎರಡು ವರ್ಷ! ಪೂರ್ತಿ ಎರಡು ವರ್ಷ ಮೂರು ಸಪ್ಲೈಯರ್‌ಗಳು ಸೇರಿ ನನಗೆ ಟೋಪಿ ಹಾಕಿದ್ದಾರೆ. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಆದರೂ ಬರೆಯುತ್ತಿದ್ದೇನೆ, ಇನ್ನೊಬ್ಬರು ಹೀಗೆ ಮೋಸ ಹೋಗಬಾರದು.

ರಟ್ಟಿನ ಪೆಟ್ಟಿಗೆಗೆ ಪ್ರತಿ ಸಲ ಮೂರು ಕೊಟೇಶನ್ ತರಿಸುತ್ತಿದ್ದೆ. ಕಡಿಮೆ ಹಾಕಿದವರಿಗೆ ಆರ್ಡರ್. ಎಲ್ಲರೂ ಮಾಡುವುದು ಇದನ್ನೇ ಅಲ್ವಾ?

ಹೋದ ತಿಂಗಳು ಮೂರನ್ನೂ ಪ್ರಿಂಟ್ ತೆಗೆದು ಟೇಬಲ್ ಮೇಲೆ ಪಕ್ಕಪಕ್ಕ ಇಟ್ಟೆ. ಮೊದಲನೆಯದರ ಕೆಳಗಿನ ಷರತ್ತಿನಲ್ಲಿ 'ಡೆಲಿವರಿ' ಪದದ ಒಂದು ಅಕ್ಷರ ಬಿಟ್ಟುಹೋಗಿತ್ತು. ಎರಡನೆಯದು ನೋಡಿದೆ, ಅಲ್ಲೂ ಇಲ್ಲ. ಮೂರನೆಯದರಲ್ಲೂ ಇಲ್ಲ! ಕೈಕಾಲು ತಣ್ಣಗಾಯಿತು. ಫೈಲ್ ಪ್ರಾಪರ್ಟೀಸ್ ತೆಗೆದರೆ ಮೂರನ್ನೂ ಮಾಡಿದವರ ಹೆಸರು ಒಂದೇ.

ಹಳೇ ಫೈಲ್ ಹರವಿಕೊಂಡು ಕೂತೆ. ಆರ್ಡರ್ ಸರದಿ ಪ್ರಕಾರ ಹೋಗಿದೆ: ಇವರು, ಅವರು, ಮತ್ತೊಬ್ಬರು, ಮತ್ತೆ ಇವರು. ಒಬ್ಬರ ಗೋದಾಮು ಹತ್ತಿರ, ಇನ್ನೊಬ್ಬರದು ಎಲ್ಲೋ ದೂರ. ಸಾಗಣೆ ಖರ್ಚು ಮಾತ್ರ ಒಂದೇ! ಸೋತವರ ಲಾರಿಯಲ್ಲೇ ಗೆದ್ದವರ ಮಾಲು ಬಂದಿತ್ತು. ನಾನೇ ಇಳಿಸಿಕೊಂಡಿದ್ದೆ.

ಸಿಟ್ಟು ತಡೆಯಲಾಗದೆ ಫೋನ್ ಮಾಡಿದೆ. ಮೊದಲನೆಯವರು, "ಮಾರ್ಕೆಟ್ ರೇಟೇ ಅದು ಸಾರ್, ಯಾರನ್ನ ಕೇಳಿದ್ರೂ ಅಷ್ಟೇ ಹೇಳ್ತಾರೆ." ಎರಡನೆಯವರು, "ಪೇಪರ್ ಜಾಸ್ತಿ ಆಗಿದೆ ಸಾರ್." ಮೂರನೆಯವರು, "ಈ ಸಲ ಅವರದು ಸಾರ್, ಅವರ ಹತ್ರನೇ ತಗೊಳ್ಳಿ." ಅವರದು ಅಂದರೆ ಏನು ಅಂತ ಕೇಳಿದೆ. ಫೋನ್ ಇಟ್ಟರು. 'ಈ ಸಲ ಅವರದು'! ನನ್ನ ದುಡ್ಡನ್ನು ಇವರು ಪಾಲು ಹಾಕಿಕೊಂಡಿದ್ದರು.

ರೇಟ್ ಒಂದೇ ಇದ್ದ ಮಾತ್ರಕ್ಕೆ ಒಳಒಪ್ಪಂದ ಅನ್ನಲಾಗದು. ಕಚ್ಚಾ ಮಾಲು ಏರಿದರೆ ಎಲ್ಲರದೂ ಏರುತ್ತದೆ. ಆದರೆ ಅದು ಇಳಿದಾಗ ಒಬ್ಬರೂ ಇಳಿಸಲಿಲ್ಲ ಅಂದರೆ ಅನುಮಾನ ಪಡಿ. ಇದು ಸಣ್ಣವರ ಕೆಲಸ ಅಂದುಕೊಳ್ಳಬೇಡಿ. ಯುರೋಪಿನಲ್ಲಿ ದೊಡ್ಡ ದೊಡ್ಡ ಟ್ರಕ್ ಕಂಪನಿಗಳೇ 1997ರಿಂದ 2011ರವರೆಗೆ ಬೆಲೆಯ ವಿಷಯದಲ್ಲಿ ಒಳಗೊಳಗೇ ಕೈಜೋಡಿಸಿದ್ದವು. 2016ರಲ್ಲಿ 290 ಕೋಟಿ ಯೂರೋಗೂ ಜಾಸ್ತಿ ದಂಡ ಬಿತ್ತು. ಅವರಲ್ಲೇ ಒಂದು ಕಂಪನಿ ಮೊದಲೇ ಬಾಯಿಬಿಟ್ಟು ದಂಡ ತಪ್ಪಿಸಿಕೊಂಡಿತು.

ಪ್ರತಿ ಸಲ ಒಬ್ಬ ಹೊಸಬರಿಂದಲೂ ರೇಟ್ ಕೇಳಿ. ಮೇಲ್, ಫೈಲ್ ಯಾವುದನ್ನೂ ಅಳಿಸಬೇಡಿ, ಇಂಥ ಒಳಒಪ್ಪಂದಗಳನ್ನು ತನಿಖೆ ಮಾಡುವ ಸರ್ಕಾರಿ ಸಂಸ್ಥೆಯಾದ ಸ್ಪರ್ಧಾ ಪ್ರಾಧಿಕಾರಕ್ಕೆ ನೇರ ದೂರು ಕೊಡಿ. ದಯವಿಟ್ಟು ನನ್ನ ಹಾಗೆ ಮೊದಲು ಅವರಿಗೇ ಫೋನ್ ಮಾಡಬೇಡಿ. ಮಾರನೇ ದಿನವೇ ಮೂವರಿಂದಲೂ ಹೊಸ ಕೊಟೇಶನ್ ಬಂತು. ಮೂರಕ್ಕೂ ಬೇರೆ ಬೇರೆ ಫಾಂಟ್. 'ಡೆಲಿವರಿ' ಮೂರರಲ್ಲೂ ಸರಿಯಾಗಿತ್ತು.