ಹೊಸ ಇಂಪೆಲ್ಲರ್ ಅಂದ, ಹಳೇದನ್ನೇ ಮಗುಚಿ ಹಾಕಿದ್ದ

ಬರೀಬೇಕೋ ಬೇಡ್ವೋ ಅಂತ ನಾಲ್ಕು ದಿನ ಸುಮ್ನಿದ್ದೆ. ನಾಚಿಕೆ ಆಗತ್ತೆ ಕಣ್ರೀ, ಇಷ್ಟು ವರ್ಷದಿಂದ ಹಳೇ ಔಟ್‌ಬೋರ್ಡ್ (ದೋಣಿ ಹಿಂದೆ ಸಿಕ್ಕಿಸೋ ಮೋಟಾರ್) ಇಟ್ಕೊಂಡಿರೋನಿಗೆ ಇಷ್ಟೂ ಗೊತ್ತಾಗ್ಲಿಲ್ವಾ ಅಂತ ನೀವು ಕೇಳೇ ಕೇಳ್ತೀರ. ಕೇಳಿ ಪರವಾಗಿಲ್ಲ, ಆದ್ರೆ ಇನ್ನೊಬ್ರು ಈ ಗುಂಡಿಗೆ ಬೀಳೋದು ಬೇಡ.

ನನ್ನದು 1957ರ ಎವಿನ್‌ರೂಡ್, 18 ಹಾರ್ಸ್‌ಪವರ್. ಎರಡು ವರ್ಷ ಶೆಡ್ಡಲ್ಲಿ ಸುಮ್ನೆ ನಿಂತಿತ್ತು. ಅಷ್ಟು ದಿನ ನಿಂತ್ರೆ ಇಂಪೆಲ್ಲರ್ (ಮೋಟಾರ್ ತಣ್ಣಗಿಡಕ್ಕೆ ನೀರೆತ್ತೋ ಪಂಪಿನ ರಬ್ಬರ್ ಚಕ್ರ) ರೆಕ್ಕೆಗಳು ಹೌಸಿಂಗ್, ಅಂದ್ರೆ ಪಂಪಿನ ಕವಚದ ಒಳಗೆ ಬಾಗಿದ ಹಂಗೇ ಸೆಟ್ ಆಗಿ ರಬ್ಬರ್ ಗಟ್ಟಿ ಆಗಿರತ್ತೆ, ಬದಲಾಯಿಸ್ಲೇಬೇಕು, ಅದು ನಂಗೂ ಗೊತ್ತಿತ್ತು. ಲೋಯರ್ ಯೂನಿಟ್ (ನೀರಲ್ಲಿ ಮುಳುಗೋ ಕೆಳಭಾಗ, ಪಂಪ್ ಇರೋದು ಅಲ್ಲೇ) ಬೋಲ್ಟ್‌ಗಳು ಅಲ್ಯೂಮಿನಿಯಂ ಜೊತೆ ಹಿಡ್ಕೊಂಡ್ಬಿಟ್ಟಿದ್ವು, ಒಂದು ಮುರಿದ್ರೆ ಮುಗೀತು ಕಥೆ ಅಂತ ಭಯ ಆಗಿ "ಹಳೇ ಮೋಟಾರ್ ಅಂದ್ರೆ ನಾನೇ" ಅನ್ನೋ ಒಬ್ಬ ಮೆಕ್ಯಾನಿಕ್ ಕೈಗೆ ಕೊಟ್ಟೆ. ಹೆಸರು ಹಾಕಲ್ಲ, ಕೇಳ್ಬೇಡಿ.

ಒಂದು ವಾರ ಬಿಟ್ಟು ವಿಡಿಯೋ ಕಳಿಸ್ದ. ಹೋಸ್ ಪೈಪ್ ಸಿಕ್ಕಿಸಿದಾನೆ, ಮೋಟಾರ್ ಓಡ್ತಿದೆ, ಹಿಂದಿನ ತೂತಿಂದ ನೀರು ಚೆನ್ನಾಗಿ ಬರ್ತಿದೆ. "ಹೊಸ ಇಂಪೆಲ್ಲರ್, ಹೊಸ ವೇರ್ ಪ್ಲೇಟ್, ಇನ್ನು ನೀವು ನೋಡೋದೇ ಬೇಡ ಸಾರ್" ಅಂದ. (ವೇರ್ ಪ್ಲೇಟ್ ಅಂದ್ರೆ ಇಂಪೆಲ್ಲರ್ ಉಜ್ಜಿ ತಿರುಗೋ ತಟ್ಟೆ.) ನಾನು ಅದನ್ನ ನಾಲ್ಕು ಜನಕ್ಕೆ ಫಾರ್ವರ್ಡ್ ಬೇರೆ ಮಾಡ್ದೆ! ಒಬ್ಬ ಫ್ರೆಂಡ್‌ಗೆ ಅವನ ನಂಬರೂ ಕೊಟ್ಟೆ!! ಹೋಸ್ ಪ್ರೆಶರ್‌ಗೇ ಎಷ್ಟೋ ನೀರು ತಾನಾಗೇ ಮೇಲೆ ಹತ್ತತ್ತೆ, ಸತ್ತ ಪಂಪೂ ಜೀವ ಇರೋ ಹಂಗೆ ಕಾಣತ್ತೆ ಅಂತ ಆಗ ತಲೆಗೇ ಹೋಗ್ಲಿಲ್ಲ. ಹಳೇ ಇಂಪೆಲ್ಲರ್ ಕೊಡಪ್ಪ ಅಂದಿದ್ದಕ್ಕೆ "ಅಯ್ಯೋ ಅದು ಪುಡಿ ಆಗಿತ್ತು ಸಾರ್, ಎಸೆದ್ಬಿಟ್ಟೆ" ಅಂದ. ಅಲ್ಲೇ ನಿಲ್ಲಿಸ್ಬೇಕಿತ್ತು ನಾನು. ಅಲ್ಲೇ. ಹೊಸ ಕಿಟ್ ದುಡ್ಡು, ಲೇಬರ್, ಎರಡೂ ಕೊಟ್ಟು ಥ್ಯಾಂಕ್ಸ್ ಬೇರೆ ಹೇಳಿ ಬಂದೆ.

ನೀರಿಗಿಳಿಸಿ ಐದು ನಿಮಿಷಕ್ಕೆ ಹಿಂದಿನ ತೂತಲ್ಲಿ ಹಬೆ ಥರ ಬರಕ್ಕೆ ಶುರು ಆಯ್ತು. ಫೋನ್ ಮಾಡ್ದೆ. "ಆ ಕಾಲದ ಮೋಟಾರ್‌ಗೆ ಟೆಲ್‌ಟೇಲ್ ಇಲ್ಲ ಸಾರ್, ಹಂಗೇ ತುಂತುರು ಬರೋದು" ಅಂದ. ಇದೇ ನೋಡಿ, ಅರ್ಧ ನಿಜ! ನಂದರಲ್ಲಿ ಟೆಲ್‌ಟೇಲ್ (ಪಂಪ್ ಕೆಲ್ಸ ಮಾಡ್ತಿದೆ ಅಂತ ತೋರ್ಸೋ ಸಣ್ಣ ನೀರಿನ ಧಾರೆ) ಇಲ್ಲ ಅನ್ನೋದು ನಿಜ, ಎಕ್ಸಾಸ್ಟ್ ಜೊತೆ ತುಂತುರು ಬರೋದೂ ನಿಜ, ಆದ್ರೆ ತುಂತುರು ಬೇರೆ ಒಣ ಹಬೆ ಬೇರೆ. ನಂಬ್ದೆ. ಇನ್ನೊಂದು ಹತ್ತು ನಿಮಿಷ ಓಡಿಸ್ದೆ. ಸುಟ್ಟ ಪೇಂಟ್ ವಾಸನೆ ಬಂತು, ಸ್ಪೀಡ್ ತಾನಾಗೇ ಇಳೀತು, ಆಮೇಲೆ ಗಕ್ ಅಂತ ನಿಂತೇ ಹೋಯ್ತು. ಸಿಲಿಂಡರ್ ಹೆಡ್ ಮೇಲೆ ಒಂದು ಹನಿ ನೀರು ಹಾಕಿದ್ರೆ ಚುರ್ ಅಂತ ಹಾರೋಯ್ತು. ಭಾವ ಜೊತೇಲಿದ್ರು, ಇಬ್ರೂ ಹುಟ್ಟು ಹಾಕ್ಕೊಂಡು ವಾಪಸ್ ಬಂದ್ವಿ, ಅವ್ರು ಒಂದು ಮಾತಾಡ್ಲಿಲ್ಲ, ಅದೇ ಜಾಸ್ತಿ ಉರೀತು.

ಮನೆಗೆ ಬಂದು ನಾನೇ ಬಿಚ್ಚಿದೆ. (ಬೋಲ್ಟ್ ಅವನು ಒಂದ್ಸಲ ಸಡಿಲ ಮಾಡಿದ್ದಕ್ಕೆ ಸಲೀಸಾಗಿ ಬಂದ್ವು, ಅದೊಂದೇ ಉಪಕಾರ.) ಶಿಫ್ಟ್ ರಾಡ್ (ಗೇರ್ ಕಡ್ಡಿ) ಕನೆಕ್ಟರ್ ಬಿಡಿಸಿ ಲೋಯರ್ ಯೂನಿಟ್ ಇಳಿಸಿ ಪಂಪ್ ಹೌಸಿಂಗ್ ಎತ್ತಿದ್ರೆ ಏನಿದೆ ಹೇಳಿ? ಅದೇ ಹಳೇ ಇಂಪೆಲ್ಲರ್! ಮಗುಚಿ ಹಾಕಿದಾನೆ! ವರ್ಷಗಟ್ಲೆ ಒಂದು ಕಡೆ ಬಾಗಿದ್ದ ರೆಕ್ಕೆನ ಉಲ್ಟಾ ಬಗ್ಗಿಸಿದ್ರೆ ಸ್ವಲ್ಪ ಹೊತ್ತು ಹೌಸಿಂಗ್ ಗೋಡೆಗೆ ಒತ್ಕೊಂಡು ನೀರೆತ್ತತ್ತೆ, ವಿಡಿಯೋ ಮಾಡಕ್ಕೆ ಅಷ್ಟು ಸಾಕಲ್ಲ. ಆಮೇಲೆ ಬುಡದಲ್ಲಿ ಬಿರುಕು ಬಿಟ್ಟು ಮುರಿಯತ್ತೆ. ಮೂರು ರೆಕ್ಕೆ ಇರ್ಲೇ ಇಲ್ಲ. ಶಾಫ್ಟ್‌ಗೆ ಲಾಕ್ ಮಾಡೋ ಪಿನ್ ಜಾಗದಲ್ಲಿ ಮೊಳೆ ಕತ್ತರಿಸಿ ಇಟ್ಟಿದಾನೆ, ಗರಗಸದ ಗೀರು ಹಂಗೇ ಕಾಣ್ತಿತ್ತು. ವೇರ್ ಪ್ಲೇಟ್ ಮೇಲೆ ಬೆರಳಾಡಿಸಿದ್ರೆ ಉಗುರು ಸಿಕ್ಕೊಳ್ಳೋ ಅಷ್ಟು ಗುಂಡಗಿನ ತೋಡು. ಹೊಸ ಪ್ಲೇಟಂತೆ!

ಫೋಟೋ ಎಲ್ಲಾ ಕಳಿಸ್ದೆ. ಮೊದಲ ಉತ್ತರ, "ನೀವು ಡ್ರೈ ಓಡಿಸಿರ್ತೀರ." ಡ್ರೈ ಓಡಿಸಿದ್ರೆ ರಬ್ಬರ್ ಸುಡತ್ತೆ ಕಣಯ್ಯ, ಮಗುಚಿಕೊಳ್ಳಲ್ಲ! ಆಮೇಲೆ, "ರಬ್ಬರ್ ಐಟಂಗೆ ಗ್ಯಾರಂಟಿ ಇಲ್ಲ ಸಾರ್." ಕೊನೇಗೆ ಒಂದು ಥಂಬ್ಸಪ್. ಥಂಬ್ಸಪ್ಪು!! ಅದಾದ್ಮೇಲೆ ಬ್ಲಾಕ್.

ದಯವಿಟ್ಟು ಹಳೇ ಪಾರ್ಟ್ ಕೈಗೆ ಬರೋವರೆಗೂ ದುಡ್ಡು ಬಿಚ್ಬೇಡಿ. ಹೋಸ್ ವಿಡಿಯೋ ನಂಬ್ಬೇಡಿ, ಪಂಪ್ ಮುಳುಗೋ ಅಷ್ಟು ನೀರಿರೋ ಡ್ರಮ್ಮಲ್ಲಿ ನಿಮ್ಮ ಕಣ್ಣೆದುರೇ ಓಡಿಸ್ಲಿ, ಹೆಡ್ ಮುಟ್ಟಿ ನೋಡಿ. ಹೌಸಿಂಗ್ ಹಾಕುವಾಗ ಶಾಫ್ಟ್‌ನ ಮೇಲಿಂದ ನೋಡಿದ್ರೆ ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗಿಸ್ತಾ ಇಳಿಸ್ಬೇಕು, ಆಗ್ಲೇ ರೆಕ್ಕೆ ಸರಿಯಾದ ಕಡೆ ಬಾಗೋದು, ಅದನ್ನ ಮಾಡ್ತಾನಾ ಇಲ್ವಾ ಅಂತ ನೋಡಿ. ಇಲ್ಲಾಂದ್ರೆ ನೀವೇ ಮಾಡ್ಕೊಳಿ, ಒಂದು ಭಾನುವಾರದ ಕೆಲ್ಸ, ಅವನಿಗಿಂತ ಕೆಟ್ಟದಾಗಂತೂ ಮಾಡಲ್ಲ.

ಈಗ ಮೇಲಿನ ಸಿಲಿಂಡರ್ ಕಂಪ್ರೆಶನ್ ಬಿದ್ದಿದೆ, ಹೆಡ್ ತೆಗೀಬೇಕು. ಹೊಸ ಇಂಪೆಲ್ಲರ್ ತರಿಸಿಟ್ಟಿದೀನಿ, ಆದ್ರೆ ನೀರಿನ ದಾರಿ ಪೂರ್ತಿ ಕ್ಲಿಯರ್ ಆಗೋವರೆಗೂ ಹಾಕೋ ಹಂಗಿಲ್ಲ. ಮುರಿದ ರೆಕ್ಕೆಲಿ ಒಂದು ತುಂಡು ತಾಮ್ರದ ನೀರಿನ ಟ್ಯೂಬಲ್ಲಿ ಸಿಕ್ತು, ಇನ್ನೊಂದು ಅದರ ಮೇಲಿನ ಗ್ರಾಮೆಟ್ (ರಬ್ಬರ್ ಬಳೆ) ಹತ್ರ. ಮೂರನೇದು ಇನ್ನೂ ಸಿಕ್ಕಿಲ್ಲ.