ಬಡಾವಣೆಯ ಚರಿತ್ರೆಗೊಂದು ಹಕ್ಕಿ ದಫ್ತರ: ಇ-ಬರ್ಡ್ ಬಳಕೆಯ ಅನುಭವ

ಹಳೆಯ ನೋಟ್‌ಬುಕ್ಕಿನಲ್ಲಿ ಉಳಿದುಹೋಗಿದ್ದ ಹಕ್ಕಿಗಳ ಪಟ್ಟಿಗಳನ್ನು ಗೆದ್ದಲಿನ ಪಾಲಾಗಲು ಬಿಡದೆ ಎಲ್ಲಾದರೂ ಸೇರಿಸಿಡಬೇಕೆಂದು ನಾನು ಇ-ಬರ್ಡ್ ಎಂಬ, ಹಕ್ಕಿ ಪಟ್ಟಿಗಳನ್ನು ದಾಖಲಿಸುವ ಅಂತರ್ಜಾಲ ಸೇವೆಯನ್ನು ಬಳಸಲಾರಂಭಿಸಿದೆ. ಅಮೆರಿಕದ ಕಾರ್ನೆಲ್ ಪಕ್ಷಿವಿಜ್ಞಾನ ಪ್ರಯೋಗಾಲಯವೂ ಪಕ್ಷಿ ಸಂರಕ್ಷಣಾ ಸಂಸ್ಥೆಯಾದ ನ್ಯಾಷನಲ್ ಆಡುಬಾನ್ ಸೊಸೈಟಿಯೂ ಸೇರಿ 2002ರಲ್ಲಿ ಆರಂಭಿಸಿದ ಈ ಸೇವೆ 2010ರಲ್ಲಿ ಇಡೀ ಜಗತ್ತಿಗೆ ತೆರೆದುಕೊಂಡಿತು, ಇದಕ್ಕೆ ಶುಲ್ಕವಿಲ್ಲ. ಅಪರೂಪದ ಹಕ್ಕಿ ಎಲ್ಲಿ ಬಂದಿದೆಯೆಂದು ಹುಡುಕಲು, ಯಾರು ಎಷ್ಟು ಜಾತಿ ನೋಡಿದರೆಂದು ಹೋಲಿಸಲು ಇದನ್ನು ಬಳಸುವವರೇ ಹೆಚ್ಚು. ಆ ಪೈಪೋಟಿಯಲ್ಲಿ ನನಗೆ ಆಸಕ್ತಿಯಿಲ್ಲ. ನಗರದ ಒಂದು ಬಡಾವಣೆ ಕಾಲಕ್ರಮದಲ್ಲಿ ಹೇಗೆ ಬದಲಾಯಿತೆಂಬುದನ್ನು ದಾಖಲಿಸಲು ಇದು ಎಷ್ಟು ಒದಗುತ್ತದೆ ಎಂಬುದಷ್ಟೇ ಇಲ್ಲಿನ ವಿಷಯ.

ಹಿಂದಿನ ದಿನಾಂಕ ಹಾಕಿ ಪಟ್ಟಿ ಸೇರಿಸಲು ಅವಕಾಶವಿರುವುದು ಮೊದಲ ಅನುಕೂಲ. ಎಷ್ಟು ಹೊತ್ತು ನೋಡಿದೆವು, ಎಷ್ಟು ದೂರ ನಡೆದೆವು ಎಂಬುದು ನೆನಪಿಲ್ಲದಿದ್ದರೆ ಅದನ್ನು ಐತಿಹಾಸಿಕ ಪಟ್ಟಿ ಎಂಬ ವರ್ಗಕ್ಕೆ ಹಾಕಬಹುದು. ನನ್ನ ತೊಡಕು ಬೇರೆಯದಿತ್ತು. ನೋಟ್‌ಬುಕ್ಕಿನ ಒಂದು ಪುಟದಲ್ಲಿ ‘ಮೂಲೆಯ ಖಾಲಿ ಸೈಟು, ಟಿಟ್ಟಿಭ 2, ಗುಬ್ಬಿ ಬಹಳ’ ಎಂದಿದೆ. ಟಿಟ್ಟಿಭದ ಸಾಲಿನಲ್ಲಿ 2 ಎಂದು ಬರೆದೆ. ‘ಬಹಳ’ ಎಂಬುದನ್ನು ಏನೆಂದು ಬರೆಯಬೇಕು? ಹಕ್ಕಿ ಇತ್ತು, ಆದರೆ ಎಣಿಸಿಲ್ಲ ಎಂಬುದಕ್ಕೆ ಇಲ್ಲಿ ‘ಎಕ್ಸ್’ ಅಕ್ಷರ ಹಾಕುತ್ತಾರೆ. ನಾನೂ ಹಾಕಿದೆ, ಆದರೆ ಮನಸ್ಸಿಗೆ ಹಿಡಿಸಲಿಲ್ಲ. ಲಂಡನ್ನಿನ ಕೆನ್ಸಿಂಗ್‌ಟನ್ ಉದ್ಯಾನದಲ್ಲಿ ಪಕ್ಷಿತಜ್ಞ ಮ್ಯಾಕ್ಸ್ ನಿಕಲ್ಸನ್ ತಮ್ಮ ಸಹೋದರನೊಂದಿಗೆ 1925ರಲ್ಲಿ ಗುಬ್ಬಿಗಳನ್ನು ಎಣಿಸಿ 2,603 ಎಂದು ಬರೆದಿಟ್ಟಿದ್ದರು. 2000ದಲ್ಲಿ ಅದೇ ಉದ್ಯಾನದಲ್ಲಿ ಮತ್ತೆ ಎಣಿಸಿದಾಗ ಸಿಕ್ಕಿದ್ದು 8. ಮೊದಲ ಸಲ ಅವರೂ ‘ಬಹಳ’ ಎಂದು ಬರೆದು ಸುಮ್ಮನಾಗಿದ್ದರೆ ಎರಡನೆಯ ಸಂಖ್ಯೆಯನ್ನು ಯಾವುದರೊಂದಿಗೆ ಹೋಲಿಸಬೇಕಿತ್ತು? ಆ ಪುಟವನ್ನು ಗಣಕಕ್ಕೆ ಏರಿಸಿದ ದಿನದಿಂದ ನಾನು ಕಾಗೆ, ಪಾರಿವಾಳಗಳನ್ನೂ ಬಿಡದೆ ಎಣಿಸುತ್ತಿದ್ದೇನೆ.

ಪಟ್ಟಿ ಸಲ್ಲಿಸುವಾಗ, ಗುರುತಿಸಲು ಸಾಧ್ಯವಾದ ಎಲ್ಲ ಹಕ್ಕಿಗಳನ್ನೂ ನಮೂದಿಸಿದ್ದೀರಾ ಎಂಬ ಪ್ರಶ್ನೆಯೊಂದು ಬರುತ್ತದೆ. ಈ ಸೇವೆಯ ಜೀವಾಳ ಅದೇ ಎಂದು ನನಗೆ ಅನಿಸುತ್ತದೆ. ಹೌದು ಎಂದರೆ ಪಟ್ಟಿಯಲ್ಲಿ ಇಲ್ಲದ ಹಕ್ಕಿಯೂ ಒಂದು ಮಾಹಿತಿಯಾಗುತ್ತದೆ, ಏಕೆಂದರೆ ಆ ಹೊತ್ತಿನಲ್ಲಿ ಅಲ್ಲಿ ಅದು ಕಾಣಲಿಲ್ಲವೆಂಬುದೂ ದಾಖಲೆಗೆ ಸೇರಿದಂತಾಗುತ್ತದೆ. ಇಂಥ ಪೂರ್ಣ ಪಟ್ಟಿಗಳಲ್ಲಿ ಎಷ್ಟು ಪಾಲಿನಲ್ಲಿ ಒಂದು ಹಕ್ಕಿ ಕಾಣಿಸಿಕೊಂಡಿದೆ ಎಂಬುದನ್ನು, ತಿಂಗಳಿಗೆ ನಾಲ್ಕು ಭಾಗದಂತೆ, ದಪ್ಪ ಮತ್ತು ತೆಳು ಗೆರೆಗಳಾಗಿ ತೋರಿಸುವ ನಕ್ಷೆಯೊಂದಿದೆ. ಅದರಲ್ಲಿ ವರ್ಷಗಳ ವ್ಯಾಪ್ತಿಯನ್ನು ನಾವೇ ಆಯ್ದುಕೊಳ್ಳಬಹುದು. ಮೊದಲ ಐದು ವರ್ಷಗಳ ನಕ್ಷೆಯನ್ನೂ ಈಚಿನ ಐದು ವರ್ಷಗಳ ನಕ್ಷೆಯನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ಬಯಲು ಕಟ್ಟಡವಾದದ್ದು, ಸಸಿಗಳು ಮರಗಳಾದದ್ದು ಹಕ್ಕಿಗಳ ಮೂಲಕ ತಿಳಿಯುತ್ತದೆ. ಆದರೆ ಎಚ್ಚರ ಬೇಕು: ಇಡೀ ಅವಧಿಗೆ ಇರುವುದು ಎರಡೇ ಪಟ್ಟಿಯಾದರೆ, ಒಮ್ಮೆ ಹಾರಿಹೋದ ಹಕ್ಕಿಯೂ ಅಲ್ಲಿಯ ಖಾಯಂ ನಿವಾಸಿಯಂತೆ ಕಾಣುತ್ತದೆ. ಜನ ನಿತ್ಯ ಓಡಾಡುವ ಕೆರೆ, ಉದ್ಯಾನಗಳಿಗೆ ನೂರಾರು ಪಟ್ಟಿಗಳಿರುತ್ತವೆ, ಸಾಮಾನ್ಯ ಬೀದಿಗೆ ಒಂದೂ ಇರುವುದಿಲ್ಲ. ಬೀದಿಯ ಚರಿತ್ರೆ ಬೇಕೆನ್ನುವವರು ಅದನ್ನು ತಾವೇ ಬರೆಯಬೇಕಾಗುತ್ತದೆ.

ನಾನು ಮಾಡಿದ ತಪ್ಪೊಂದನ್ನು ಹೇಳಿಬಿಡುತ್ತೇನೆ. ಒಂದೇ ಮೂಲೆಗೆ ಇ-ಬರ್ಡ್‌ನ ಭೂಪಟದಲ್ಲಿ ಎರಡು ಹೆಸರುಗಳಲ್ಲಿ ಎರಡು ಗುರುತುಗಳನ್ನು ಹಾಕಿಕೊಂಡು, ಒಂದು ವರ್ಷದ ಪಟ್ಟಿಗಳನ್ನೆಲ್ಲ ಇಬ್ಭಾಗ ಮಾಡಿಕೊಂಡಿದ್ದೆ. ಅವನ್ನು ಒಂದುಗೂಡಿಸುವ ಸೌಲಭ್ಯ ಇರುವುದರಿಂದ ಬಚಾವಾದೆ. ಮೊದಲೇ ಒಂದು ಜಾಗ ನಿಗದಿ ಮಾಡಿಕೊಂಡು, ಮೂವತ್ತು ಮೀಟರಿಗಿಂತ ಹೆಚ್ಚು ಕದಲದೆ, ಪ್ರತಿ ಸಲವೂ ಅಷ್ಟೇ ನಿಮಿಷ ನಿಂತು ನೋಡುವ ಕ್ರಮ ವರ್ಷದಿಂದ ವರ್ಷಕ್ಕೆ ಹೋಲಿಸಲು ಅನುಕೂಲ. ಮನೆಯ ಕಿಟಕಿಯಿಂದಲೇ ನೋಡುವವರು ಗುರುತಿಗೆ ವಿಳಾಸದ ಹೆಸರು ಕೊಡದಿರುವುದು ಒಳ್ಳೆಯದು, ಪಟ್ಟಿಗಳನ್ನು ಬೇರೆಯವರೂ ನೋಡಬಹುದು.

ಹಕ್ಕಿ ಕಡಿಮೆಯಾದದ್ದನ್ನು ಈ ನಕ್ಷೆ ತೋರಿಸುತ್ತದೆಯೇ ಹೊರತು ಏಕೆ ಕಡಿಮೆಯಾಯಿತೆಂದು ಹೇಳುವುದಿಲ್ಲ. ಯಾವ ವಾರ ಮರ ಉರುಳಿತು, ಯಾವ ಹಳೆಯ ಮನೆಯ ಸೂರು ಕಳಚಿತು, ಮೋರಿಗೆ ಚಪ್ಪಡಿ ಯಾವಾಗ ಬಿತ್ತು ಎಂಬುದಕ್ಕೆ ಅದರಲ್ಲಿ ಕಾಲಮ್ಮಿಲ್ಲ. ಹಕ್ಕಿಗಳಿಗಾಗಿ ಮಾಡಿದ ವ್ಯವಸ್ಥೆಯನ್ನು ಅದಕ್ಕಾಗಿ ದೂರುವುದು ನ್ಯಾಯವಲ್ಲವಾದರೂ, ಬಡಾವಣೆಯ ಚರಿತ್ರೆ ಬರೆಯುವವನಿಗೆ ಅರ್ಧ ಕಥೆ ಇಂಥ ವಿವರಗಳಲ್ಲಿಯೇ ಇರುತ್ತದೆ. ಹಾಗಾಗಿ ಪಟ್ಟಿಯ ಕೆಳಗಿನ ಟಿಪ್ಪಣಿ ಜಾಗದಲ್ಲಿ ಇವನ್ನೆಲ್ಲ ಬರೆಯುತ್ತೇನೆ. ಟಿಟ್ಟಿಭ ಕೊನೆಯ ಸಲ ಕಂಡ ಪಟ್ಟಿಯ ಟಿಪ್ಪಣಿಯಲ್ಲಿ ‘ಸೈಟಿಗೆ ಜಲ್ಲಿ ಲಾರಿ ಬಂದಿದೆ’ ಎಂದಿದೆ. ನೋಟ್‌ಬುಕ್ಕನ್ನಂತೂ ನಾನು ಇನ್ನೂ ಎಸೆದಿಲ್ಲ.