ಪೂಲ್ ಟೇಬಲ್ ಮನೆಗೆ ಬಂದು ಐದು ವರ್ಷ: 30×40 ಸೈಟಿನ ಮನೆಯಲ್ಲಿ ಜಾಗದ ಲೆಕ್ಕ

ನಮ್ಮದು ಮೈಸೂರಿನಲ್ಲಿ 30×40 ಸೈಟಿನ ಮನೆ. ಮೇಲಿನ ಮಹಡಿಯ ಹಾಲ್‌ನಲ್ಲಿ ಏಳಡಿಯ ಪೂಲ್ ಟೇಬಲ್ ಹಾಕಿಸಿ ಐದು ವರ್ಷ ಆಯಿತು. ಸಂಜೆ ಅಪ್ಪ, ನಾನು, ಮಗಳು ಮೂವರೂ ಆಡುತ್ತೇವೆ. ಮನೆಗೆ ಬಂದವರಲ್ಲಿ ಟೇಬಲ್ ತಗೋಬೇಕು ಅನ್ನೋ ಆಸೆ ಇರುವವರೆಲ್ಲ ಮೊದಲು ಕೇಳುವುದು ಜಾಗದ ವಿಷಯ. ಅದಕ್ಕೇ ಇದನ್ನು ವಿವರವಾಗಿ ಬರೆಯುತ್ತಿದ್ದೇನೆ.

ಮೊದಲು ನಾನು ಮೆಚ್ಚಿದ್ದು ಎಂಟಡಿಯ ಟೇಬಲ್. "12×16 ರೂಮ್ ಇದ್ದರೆ ಸಾಕು ಸಾರ್, ಸುತ್ತ ಮೂರೂವರೆ ಅಡಿಗಿಂತ ಜಾಸ್ತಿ ಜಾಗ ಸಿಗುತ್ತೆ" ಎಂದು ಅಂಗಡಿಯವರು ಹೇಳಿದರು. ನಮ್ಮ ಹಾಲ್ ನಕ್ಷೆಯಲ್ಲಿ 13×18. ಇನ್ನೇನು ಯೋಚನೆ ಅಂತ ಅಡ್ವಾನ್ಸ್ ಕೊಟ್ಟು ಬಂದೆ. ಅವರು ಹೇಳಿದ ಜಾಗವೇನೋ ನಿಜವಾಗಿಯೂ ಸಿಗುತ್ತದೆ. ಆದರೆ ಅದು ಟೇಬಲ್ ಸುತ್ತ ನಡೆದಾಡುವ ಜಾಗ. ಕ್ಯೂ, ಅಂದರೆ ಬಾಲ್ ಹೊಡೆಯುವ ಕೋಲು, ಹಿಡಿದು ಬಗ್ಗಿ ಹೊಡೆಯುವ ಜಾಗ ಬೇರೆ.

ಇದನ್ನು ಕಂಡುಹಿಡಿದವರು ಅಪ್ಪ. ಅವರು ಕೆಲಸದಲ್ಲಿದ್ದಷ್ಟು ವರ್ಷ ಮನೆ ನಕ್ಷೆ ಬರೆದವರು. "ಟೇಬಲ್ ಬರೋಕೆ ಮುಂಚೆ ನೆಲದ ಮೇಲೆ ಬರೆದು ನೋಡೋ" ಅಂದರು. ಸೀಮೆಸುಣ್ಣದಲ್ಲಿ ಹಾಲ್ ಮಧ್ಯೆ 44 ಇಂಚು ಅಗಲ, 88 ಇಂಚು ಉದ್ದದ ಗೆರೆ ಎಳೆದೆವು. ಎಂಟಡಿ ಟೇಬಲ್‌ನಲ್ಲಿ ಬಾಲ್ ಉರುಳುವ ಜಾಗ ಅಷ್ಟು, ಅಂದರೆ ಒಂದು ಕಡೆಯ ಕುಶನ್ (ಟೇಬಲ್ ಒಳಅಂಚಿನ ರಬ್ಬರ್ ಪಟ್ಟಿ) ಮೂತಿಯಿಂದ ಇನ್ನೊಂದು ಕಡೆಯ ಕುಶನ್ ಮೂತಿಗೆ. ಗೆಳೆಯನೊಬ್ಬನಿಂದ ತಂದ ಕ್ಯೂ 58 ಇಂಚಿನದು, ಎಲ್ಲ ಕಡೆ ಬಳಸುವ ಮಾಮೂಲಿ ಅಳತೆ. ಬಾಲ್ ಕುಶನ್‌ಗೆ ಅಂಟಿಕೊಂಡು ನಿಂತಿದೆ ಅಂದುಕೊಂಡು, ಕ್ಯೂ ತುದಿಯನ್ನು ಗೆರೆಯಿಂದ ಎರಡು ಇಂಚು ಒಳಗೆ ಇಟ್ಟು ನೆಲದ ಮೇಲೆ ಮಲಗಿಸಿದೆವು. ಇನ್ನೊಂದು ತುದಿ ಗೋಡೆಗೆ ತಾಗಿ ಕ್ಯೂ ಓರೆಯಾಯಿತು. ಕೈ ಹಿಂದಕ್ಕೆ ಎಳೆಯುವ ಮಾತು ಹಾಗಿರಲಿ, ಕ್ಯೂ ಮಲಗೋಕೇ ಜಾಗ ಇರಲಿಲ್ಲ.

ಮಾರನೇ ದಿನವೇ ಎಂಟಡಿ ಬೇಡ ಅಂದೆ. ಅಡ್ವಾನ್ಸ್‌ನಲ್ಲಿ ಐದು ಸಾವಿರ ವಾಪಸ್ ಬರಲಿಲ್ಲ. ಬೇಜಾರಾಯಿತು, ಆದರೆ ಈಗ ಯೋಚಿಸಿದರೆ ಆ ಐದು ಸಾವಿರಕ್ಕೆ ಒಂದು ದೊಡ್ಡ ತಪ್ಪು ತಪ್ಪಿತು ಅನ್ನಿಸುತ್ತದೆ.

ಲೆಕ್ಕ ಹೀಗಿದೆ. ಆಟದ ಜಾಗದ ಅಗಲಕ್ಕೆ ಎರಡು ಕ್ಯೂ ಉದ್ದ ಸೇರಿಸಿ. ಉದ್ದಕ್ಕೂ ಹಾಗೇ. ಏಳಡಿ ಟೇಬಲ್‌ನ ಆಟದ ಜಾಗ 39×78 ಇಂಚು. ಎರಡು ಕ್ಯೂ ಅಂದರೆ 116 ಇಂಚು. ಆಗ ಅಗಲ 12 ಅಡಿ 11 ಇಂಚು, ಉದ್ದ 16 ಅಡಿ 2 ಇಂಚು. ಎಂಟಡಿಗೆ 13 ಅಡಿ 4 ಇಂಚು, 17 ಅಡಿ. ಒಂಬತ್ತಡಿಯ ಟೇಬಲ್ 50×100 ಇಂಚಿನದು, ಅದಕ್ಕೆ 13 ಅಡಿ 10 ಇಂಚು, 18 ಅಡಿ. ಇದು ಕ್ಯೂ ಹಿಡಿಸುವ ಲೆಕ್ಕ ಮಾತ್ರ. ಹೊಡೆಯುವ ಮುಂಚೆ ಕೈ ಆರು ಇಂಚಾದರೂ ಹಿಂದಕ್ಕೆ ಹೋಗಬೇಕು. ಬಾಲ್ ಕುಶನ್‌ಗೆ ಅಂಟಿದ್ದಾಗ ಕ್ಯೂ ತುದಿ ಒಂದೆರಡು ಇಂಚು ಒಳಗಿರುತ್ತದೆ, ಅಷ್ಟು ಉಳಿತಾಯ. ಎಲ್ಲ ಕೂಡಿ ಕಳೆದರೆ ಕುಶನ್ ಮೂತಿಯಿಂದ ಗೋಡೆಗೆ 62 ಇಂಚು ಇದ್ದರೆ ಆರಾಮ. ಹಾಗೆ ಲೆಕ್ಕ ಹಾಕಿದರೆ ಏಳಡಿ ಟೇಬಲ್‌ಗೆ 13 ಅಡಿ 7 ಇಂಚು ಅಗಲ, 16 ಅಡಿ 10 ಇಂಚು ಉದ್ದ ಬೇಕು. ಎಂಟಡಿಗೆ 14 ಅಡಿ ಅಗಲ, 17 ಅಡಿ 8 ಇಂಚು ಉದ್ದ.

ಗಮನಿಸಿ, ಏಳರಿಂದ ಎಂಟಕ್ಕೆ ಹೋದರೆ ಅಗಲದಲ್ಲಿ ಹೆಚ್ಚಾಗುವುದು ಬರೀ ಐದು ಇಂಚು. ನಮ್ಮಂಥ ಮನೆಯಲ್ಲಿ ಆ ಐದು ಇಂಚೇ ಎಲ್ಲವನ್ನೂ ತೀರ್ಮಾನ ಮಾಡುತ್ತದೆ.

ನಕ್ಷೆಯಲ್ಲಿ 13 ಅಡಿ ಅಂತ ಇದ್ದ ನಮ್ಮ ಹಾಲ್, ಎರಡೂ ಕಡೆ ಪ್ಲಾಸ್ಟರ್ ಆದ ಮೇಲೆ 12 ಅಡಿ 10 ಇಂಚು ಬಂತು. ಸಾಲದ್ದಕ್ಕೆ ಒಂದು ಪಿಲ್ಲರ್. ಗೋಡೆ ಆರಿಂಚಿನ ಬ್ಲಾಕ್, ಪಿಲ್ಲರ್ ಒಂಬತ್ತಿಂಚು. ಹಾಗಾಗಿ ಉದ್ದದ ಗೋಡೆಯಲ್ಲಿ ಅದು ಮೂರು ಇಂಚು ಒಳಗೆ ಚಾಚಿಕೊಂಡಿದೆ. ಮನೆ ಕಟ್ಟಿದಾಗಿನಿಂದ ಅದನ್ನು ಯಾರೂ ಲೆಕ್ಕಕ್ಕೇ ತಗೊಂಡಿರಲಿಲ್ಲ. ಟೇಬಲ್ ಬಂದ ಮೇಲೆ ದಿನಾ ಅದರದೇ ಮಾತು. ಮನೆ ಅಳೆಯುವಾಗ ಗೋಡೆಯಿಂದ ಗೋಡೆಗೆ ಅಳೆಯಬೇಡಿ. ಯಾವುದು ಎಲ್ಲಕ್ಕಿಂತ ಮುಂದಕ್ಕೆ ಚಾಚಿದೆಯೋ ಅಲ್ಲಿಂದ ಅಳೆಯಿರಿ. ಪಿಲ್ಲರ್, ಕಿಟಕಿಯ ಗ್ರಾನೈಟ್ ಅಂಚು, ಒಳಕ್ಕೆ ತೆರೆಯುವ ಸೊಳ್ಳೆ ಪರದೆಯ ಬಾಗಿಲು, ಶೋಕೇಸ್, ಎಲ್ಲ.

ಟೇಬಲ್ ಮಧ್ಯದಲ್ಲಿಟ್ಟರೆ ಉದ್ದದ ಎರಡು ಬದಿಗೂ ಕುಶನ್ ಮೂತಿಯಿಂದ ಗೋಡೆಗೆ ಐವತ್ತೇಳೂವರೆ ಇಂಚು. ಬಾಲ್ ಕುಶನ್‌ನಿಂದ ಒಂದು ಗೇಣು ದೂರ ಇದ್ದರೆ ಮಾಮೂಲಿ ಕ್ಯೂನಲ್ಲೇ ನೆಮ್ಮದಿಯಾಗಿ ಹೊಡೆಯಬಹುದು. ಅಂಟಿಕೊಂಡಿದ್ದು, ನೇರ ಎದುರಿಗೆ ಹೊಡೆಯಬೇಕಾದರೆ ಮಾತ್ರ ಕಷ್ಟ. ಓರೆಯಾಗಿ ಹೊಡೆಯುವಾಗ ಕ್ಯೂ ಹಿಂಭಾಗ ಹಾಲ್‌ನ ಉದ್ದಕ್ಕೆ ತಿರುಗುತ್ತದೆ, ಅಲ್ಲಿ ಬೇಕಾದಷ್ಟು ಜಾಗ ಇದೆ. ಪಿಲ್ಲರ್ ಸರಿಯಾಗಿ ಮಧ್ಯದ ಪಾಕೆಟ್ (ಬಾಲ್ ಬೀಳುವ ತೂತು) ಎದುರು ಬರುತ್ತಿತ್ತು. ಟೇಬಲ್ಲನ್ನು ಉದ್ದಕ್ಕೆ ಆರು ಇಂಚು ಸರಿಸಿದೆವು. ಅಷ್ಟಕ್ಕೇ ಆಟ ಎಷ್ಟು ಸಲೀಸಾಯಿತು ಅಂದರೆ, ಇದನ್ನು ಮೊದಲೇ ಯಾರಾದರೂ ಹೇಳಬಾರದಿತ್ತಾ ಅನ್ನಿಸಿತು.

ಜಾಗ ಸಾಲದಿದ್ದಾಗ ಜನ ಮಾಡುವುದು ಎರಡು ಕೆಲಸ. ಒಂದು, ಕ್ಯೂ ಹಿಂಭಾಗ ಎತ್ತಿ ಮೇಲಿನಿಂದ ಹೊಡೆಯುವುದು. ಇದನ್ನು ಅಭ್ಯಾಸ ಮಾಡಿಕೊಳ್ಳಲೇಬೇಡಿ. ಎತ್ತಿ ಹೊಡೆದರೆ ಬಿಳಿ ಬಾಲ್ ಸ್ವಲ್ಪ ನೆಗೆಯುತ್ತದೆ, ನಡುವೆ ಪೆಟ್ಟು ಬೀಳದಿದ್ದರೆ ದಾರಿ ಬಾಗುತ್ತದೆ. ಮಗಳು ಮೊದಲ ವರ್ಷ ಹೀಗೇ ಕಲಿತಳು, ಬಿಡಿಸೋಕೆ ತುಂಬ ದಿನ ಹಿಡಿಯಿತು. ಇನ್ನೊಂದು, ಗಿಡ್ಡ ಕ್ಯೂ. 52, 48, 36 ಇಂಚಿನವು ಸಿಗುತ್ತವೆ. ನಾನು 52 ಮತ್ತು 48 ತಂದಿಟ್ಟಿದ್ದೇನೆ. 52ರಲ್ಲಿ ವ್ಯತ್ಯಾಸ ಅಷ್ಟಾಗಿ ಗೊತ್ತಾಗಲ್ಲ, ನಮ್ಮ ಉದ್ದದ ಬದಿಗಳಿಗೆ ಅದೇ ಸಾಕು. 48 ಪಿಲ್ಲರ್ ಪಕ್ಕಕ್ಕೆ ಮಾತ್ರ. 36 ಇಂಚಿನದು ನನ್ನ ಪ್ರಕಾರ ಮಕ್ಕಳ ಕೈಗೆ ಸರಿ, ದೊಡ್ಡವರಿಗೆ ತೂಕವೇ ಸಿಗಲ್ಲ.

ಹಾಗಾದರೆ ಎಂಟಡಿ ಟೇಬಲ್ ಹಾಕಿ ಎಲ್ಲ ಕಡೆ ಗಿಡ್ಡ ಕ್ಯೂ ಇಟ್ಟುಕೊಳ್ಳಬಹುದಲ್ವಾ ಅಂತ ಕೇಳುತ್ತಾರೆ. ನನಗೆ ಅದು ಒಪ್ಪಿಗೆ ಇಲ್ಲ. ಹತ್ತು ಹೊಡೆತದಲ್ಲಿ ಒಂದಕ್ಕೆ ಕ್ಯೂ ಬದಲಾಯಿಸಿದರೆ ಅದು ಆಟದ ಭಾಗ. ನಾಲ್ಕಕ್ಕೆ ಬದಲಾಯಿಸಿದರೆ ಕೈ ಯಾವ ಕ್ಯೂಗೂ ಹೊಂದಿಕೊಳ್ಳಲ್ಲ. ದೊಡ್ಡ ಟೇಬಲ್‌ಗಿಂತ ಪೂರ್ತಿ ಕ್ಯೂ ಮುಖ್ಯ.

ಇನ್ನು ಫ್ಯಾನ್. ಇದು ನಮ್ಮ ಕಡೆಯ ಮನೆಗಳ ದೊಡ್ಡ ಸಮಸ್ಯೆ. ಟೇಬಲ್ ಹಾಲ್ ಮಧ್ಯೆ ಬರುತ್ತದೆ, ಫ್ಯಾನ್ ಕೊಕ್ಕೆಯೂ ಅಲ್ಲೇ ಇರುತ್ತದೆ. ಕ್ಯೂ ಹೆಚ್ಚೂ ಕಡಿಮೆ ಐದಡಿ. ಅದನ್ನು ಸೊಂಟದ ಹತ್ತಿರ ನೆಟ್ಟಗೆ ಹಿಡಿದು ತಿರುಗಿದರೆ ತುದಿ ಎಂಟಡಿ ಹತ್ತಿರ ಹೋಗುತ್ತದೆ. ಒಮ್ಮೆ ರೆಕ್ಕೆಗೆ ತಗುಲಿ ಕ್ಯೂ ಕೈಯಿಂದ ಹಾರಿತು. ಮಗಳು ಪಕ್ಕದಲ್ಲೇ ಇದ್ದಳು. ಮಾರನೇ ದಿನವೇ ಫ್ಯಾನ್ ಇಳಿಸಿ ಮೂಲೆಯ ಗೋಡೆಗೆ ಎರಡು ವಾಲ್ ಫ್ಯಾನ್ ಹಾಕಿಸಿದೆ. ಆ ಕೊಕ್ಕೆಗೆ ಉದ್ದನೆಯ ಲೈಟ್ ತೂಗುಹಾಕಿದೆವು, ಟೇಬಲ್ ಬಟ್ಟೆಯಿಂದ 34 ಇಂಚು ಮೇಲೆ. ರೆಕ್ಕೆಯ ನೆರಳು ಬಟ್ಟೆ ಮೇಲೆ ಓಡಾಡುತ್ತಿದ್ದದ್ದೂ ನಿಂತಿತು.

ಹಾಲ್‌ನಿಂದ ಏನೇನು ಹೊರಗೆ ಹೋಯಿತು ಅಂದರೆ: ಸೋಫಾ, ಟಿವಿ, ಶೋಕೇಸ್. ಉದ್ದದ ಬದಿಗಳಲ್ಲಿ ಒಂದು ಸ್ಟೂಲ್ ಕೂಡ ಇಡೋಕಾಗಲ್ಲ. ಬಂದವರು ಕೂರುವುದು ಚಿಕ್ಕ ಬದಿಯ ಮೂಲೆಗಳಲ್ಲಿ. ಒಳಗೆ ತೆರೆಯುತ್ತಿದ್ದ ಬಾಗಿಲನ್ನು ಬಡಗಿ ಹೊರಗೆ ತೆರೆಯುವ ಹಾಗೆ ಮಾಡಿಕೊಟ್ಟರು. ಗೋಡೆಯಲ್ಲಿ ಮೂರಡಿ ಎತ್ತರಕ್ಕೆ ಕ್ಯೂ ಬಡಿದು ಬಣ್ಣ ಏಳುತ್ತಿತ್ತು, ಅಲ್ಲಿ ರಬ್ಬರ್ ಪಟ್ಟಿ ಅಂಟಿಸಿದ್ದೇವೆ. ಹಾಲ್ ಬರೀ ಆಟಕ್ಕೇ ಆಗುತ್ತದೆ ಅನ್ನುವುದಕ್ಕೆ ಮನೆಯವರೆಲ್ಲ ಒಪ್ಪಿದ ಮೇಲೇ ಮುಂದುವರಿಯಿರಿ. ನನ್ನ ಹೆಂಡತಿ ಒಪ್ಪಿದ್ದರಿಂದ ಇದೆಲ್ಲ ಆಯಿತು.

ಮಹಡಿ ಮೇಲೆ ಭಾರ ತಡೆಯುತ್ತಾ ಅನ್ನೋ ಭಯ ನನಗೂ ಇತ್ತು. ನಮ್ಮ ಟೇಬಲ್ ಒಂದು ಇಂಚಿನ ಸ್ಲೇಟ್ ಕಲ್ಲಿನದು, ಒಟ್ಟು 300 ಕೆ.ಜಿ. ಹತ್ತಿರ. ಅದು ಹರಡಿಕೊಳ್ಳುವುದು ಸುಮಾರು ಮೂರು ಚದರ ಮೀಟರ್ ಜಾಗದಲ್ಲಿ. ವಾಸದ ಮನೆಯ ನೆಲವನ್ನು ಚದರ ಮೀಟರ್‌ಗೆ ಸುಮಾರು 200 ಕೆ.ಜಿ. ಹೊರುವ ಹಾಗೆ ಲೆಕ್ಕ ಹಾಕಬೇಕು ಅಂತ ಭಾರತೀಯ ಮಾನಕವೇ ಹೇಳುತ್ತದೆ. ಆದರೂ ಭಾರವೆಲ್ಲ ಕಾಲುಗಳ ಮೇಲೆ ಬೀಳುವುದರಿಂದ ಕಾಲಿನ ಕೆಳಗೆ ದಪ್ಪ ಹಲಗೆ ಹಾಕಿದೆವು. ಮದ್ರಾಸ್ ತಾರಸಿಯ (ಮರದ ತೊಲೆಗಳ ಮೇಲೆ ಇಟ್ಟಿಗೆ ಹಾಕಿದ) ಹಳೇ ಮನೆಯಾದರೆ ಎಂಜಿನಿಯರ್ ಒಬ್ಬರು ನೋಡದೆ ಮೇಲೆ ಹತ್ತಿಸಬೇಡಿ. ಮೆಟ್ಟಿಲೂ ಅಳೆಯಿರಿ. ನಮ್ಮದು ಮೂರಡಿ ಅಗಲ, ಮಧ್ಯೆ ತಿರುವು. ಸ್ಲೇಟ್ ಒಂದೇ ಕಲ್ಲಾಗಿದ್ದರೆ ಆ ತಿರುವಿನಲ್ಲಿ ಸಿಕ್ಕಿಕೊಳ್ಳುತ್ತಿತ್ತು. ಮೂರು ತುಂಡಿನದು ಕೇಳಿ ತರಿಸಿದ್ದೆವು. ಒಂದೊಂದು ತುಂಡೂ ಐವತ್ತು ಕೆ.ಜಿ. ಮೇಲೆ. ಆಮೇಲೆ ಸಂದಿಗೆ ಮೇಣ ತುಂಬಿ ಸಮ ಮಾಡಿದರು.

ಮೂರು ತಿಂಗಳಿಗೆ ಬಾಲ್ ಕಿಟಕಿ ಮೂಲೆಗೆ ಉರುಳತೊಡಗಿತು. ಅದು ಸಹಜ, ಕಾಲುಗಳು ಕೂತುಕೊಳ್ಳುತ್ತವೆ. ರಸಮಟ್ಟ ಇಟ್ಟು ಸರಿ ಮಾಡಿಸಿದ ಮೇಲೆ ಮತ್ತೆ ತೊಂದರೆ ಬಂದಿಲ್ಲ. ಮಳೆಗಾಲದಲ್ಲಿ ಬಟ್ಟೆ ತೇವ ಹೀರಿ ಬಾಲ್ ನಿಧಾನ ಆಗುತ್ತದೆ. ಪಡುವಣ ಕಿಟಕಿಯ ಬಿಸಿಲಿಗೆ ಒಂದು ಮೂಲೆ ಬಣ್ಣ ಕಳೆದುಕೊಂಡಿದೆ, ಪರದೆ ಮೊದಲೇ ಹಾಕಬೇಕಿತ್ತು.

ಕ್ಲಬ್‌ಗಳಲ್ಲಿ ಇರುವಂಥ ಸ್ನೂಕರ್ ಟೇಬಲ್ ಮನೆಗೆ ಬರುತ್ತಾ ಅಂತಲೂ ಕೇಳುತ್ತಾರೆ, ಸ್ನೂಕರ್ ವಿಶ್ವ ಚಾಂಪಿಯನ್ ಆಗಿದ್ದ ಪಂಕಜ್ ಅಡ್ವಾಣಿ ನಮ್ಮ ಬೆಂಗಳೂರಿನವರು ನೋಡಿ. ಅದು 12 ಅಡಿಯ ಟೇಬಲ್. 22×16 ಅಡಿಯ ಕೋಣೆ ಬೇಕು. 30×40ರಲ್ಲಿ ಆ ಆಸೆ ಬಿಡುವುದೇ ವಾಸಿ.

ನಮ್ಮ ಹಾಲ್‌ಗೆ ಈ ಏಳಡಿ ಟೇಬಲ್ಲನ್ನೇ ಮತ್ತೆ ತರುತ್ತಿದ್ದೆ, ಅದರಲ್ಲಿ ಅನುಮಾನ ಇಲ್ಲ. ಆದರೆ ಮನೆ ಕಟ್ಟುವಾಗಲೇ ಗೊತ್ತಿದ್ದಿದ್ದರೆ ಆ ಪಿಲ್ಲರನ್ನು ಹೊರಗೆ ಚಾಚುವ ಹಾಗೆ ತಿರುಗಿಸುತ್ತಿದ್ದೆ. ಈಗ ನನ್ನ ಭಾವಮೈದುನ ತುಮಕೂರಿನಲ್ಲಿ ಮನೆ ಕಟ್ಟಿಸುತ್ತಿದ್ದಾನೆ. ಅವನಿಗೆ ಎಂಟಡಿಯದೇ ಬೇಕಂತೆ. ನಕ್ಷೆಯಲ್ಲಿ ಅಪ್ಪ ತಾವೇ ಪೆನ್ಸಿಲ್ ಹಿಡಿದು 14 ಅಡಿ 4 ಇಂಚು ಅಂತ ತಿದ್ದಿದ್ದಾರೆ. ಬರುವ ವಾರ ಪ್ಲಾಸ್ಟರ್ ಮುಗಿಯುತ್ತದೆ. ಟೇಪ್, ಸೀಮೆಸುಣ್ಣ, 58 ಇಂಚಿನ ಕ್ಯೂ ಮೂರೂ ತಗೊಂಡು ನಾನೂ ಅಪ್ಪನೂ ಹೋಗುತ್ತಿದ್ದೇವೆ.